ಕಾರ್ಡಾನ್ ಇಲ್ಲದ ಕಾರು

ಹದಿನಾಲ್ಕು ವರ್ಷಗಳಿಂದ ಜಹಾರಿ ತನ್ನ ಅಳಿಯನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹಾಗೆಂದು ಮಾತು ಬಿಟ್ಟಿದ್ದನೆಂದಲ್ಲ, ಆಡುವುದೆಲ್ಲ ಹೆಂಡತಿಯ ಮೂಲಕ. ಒಂದೇ ಮೇಜಿನ ಆಚೆ ಈಚೆ ಕೂತು, "ದೊನ್ಕಾ, ಅವನಿಗೆ ಹೇಳು, ಒಲೆಗೆ ಹಸಿ ಕಟ್ಟಿಗೆ ತುರುಕಬೇಡ ಅಂತ" ಎನ್ನುತ್ತಿದ್ದ. ಆ ಕಡೆಯಿಂದ ಕಾಮೆನ್, "ಅತ್ತೆ, ಮೇಸ್ತ್ರಿಗಳಿಗೆ ಹೇಳಿ, ಆ ಹಸಿ ಕಟ್ಟಿಗೆ ತಂದು ಹಾಕಿದ್ದು ಅವರೇ ಅಂತ" ಎನ್ನುತ್ತಿದ್ದ. ನಡುವೆ ಕೂತ ದೊನ್ಕಾಗೆ ಇಬ್ಬರ ಬಾಯಿಗೂ ಅದೇ ಕಟ್ಟಿಗೆ ತುರುಕಿ ಎದ್ದು ಹೋಗೋಣ ಅನ್ನಿಸುತ್ತಿತ್ತು.

ಹೆಸರಿನ ಬದಲು ಜಹಾರಿ ಬಳಸುತ್ತಿದ್ದ ಮಾತೇ ಬೇರೆ. ಹೆಂಡತಿಯ ಮನೆಗೆ ಬಂದು ನೆಲೆ ನಿಂತವನನ್ನು ಬರೀ ಮನೆ ಅಳಿಯ ಎಂದರೆ ರೊದೋಪಿ ಬೆಟ್ಟದ ಜನರಿಗೆ ಸಪ್ಪೆ. ಅವರು 'ತೂರಿಕೊಂಡ ಅಳಿಯ' ಎನ್ನುತ್ತಾರೆ. ಬಾಗಿಲು ಹಾಕುವಷ್ಟರಲ್ಲಿ ಸಂದಿಯಿಂದ ಬೆಕ್ಕು ಒಳಗೆ ತೂರಿಕೊಳ್ಳುತ್ತದಲ್ಲ, ಆ ಬಗೆಯ ಅಳಿಯ. ಊರಿನ ಚೌಕದಲ್ಲಿ ಆ ಮಾತು ಕಿವಿಗೆ ಬಿದ್ದರೆ ಮಾನ ಇದ್ದವನು ಗ್ಲಾಸು ಕೆಳಗಿಟ್ಟು ಎದ್ದು ಹೋಗುತ್ತಾನೆ. ಕಾಮೆನ್‌ಗೆ ಎದ್ದು ಹೋಗಲು ಇನ್ನೊಂದು ಮನೆ ಇರಲಿಲ್ಲ. ಬಯಲುಸೀಮೆಯಿಂದ ಬಂದವನು, ಸ್ಕೀ ಲಿಫ್ಟಿನಲ್ಲಿ ಎಲೆಕ್ಟ್ರಿಷಿಯನ್. ಮಗಳು ನೆವೆನಾಳನ್ನು ಮದುವೆಯಾಗಿ ಮನೆಯ ಮೇಲಂತಸ್ತಿಗೆ ಬಂದಿದ್ದ. ನೆವೆನಾ ಚಳಿಗಾಲ ಪೂರ್ತಿ ಮೇಲಿನ ಹೋಟೆಲಿನ ಅಡುಗೆಮನೆಯಲ್ಲಿ, ಅಲ್ಲೇ ಊಟ ಅಲ್ಲೇ ನಿದ್ದೆ. ಹಾಗಾಗಿ ನವೆಂಬರಿನಿಂದ ಮಾರ್ಚಿನವರೆಗೆ ಈ ಇಬ್ಬರು ಗಂಡಸರನ್ನು ಸಂಭಾಳಿಸುವ ಶಿಕ್ಷೆ ದೊನ್ಕಾಳ ಪಾಲಿಗೆ ಬಿದ್ದಿತ್ತು.

ಅವಳಿಗೋ ಎರಡು ವರ್ಷದಿಂದ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಕಣಿವೆಯ ಆಚೆಯ ಪಟ್ಟಣದ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಡಯಾಲಿಸಿಸ್ ಮುಗಿಸಿ ಎದ್ದರೆ ಮೈಯಲ್ಲಿ ಕಸುವಿರುವುದಿಲ್ಲ, ಆಗಸ್ಟಿನ ಬೇಸಿಗೆಯಲ್ಲೂ ಹಲ್ಲು ಕಟಕಟ. ಅಷ್ಟು ದಿನವೂ ಅವಳನ್ನು ಕರೆದುಕೊಂಡು ಹೋಗಿ ಬಂದದ್ದು ಜಹಾರಿಯ ಹಳೇ ರಷ್ಯನ್ ಜೀಪು. ಅರಣ್ಯ ಇಲಾಖೆಯ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವನು ಅವನು, ಜೀಪಿನ ಒಂದೊಂದು ನಟ್ಟೂ ಅವನ ಹೆಸರು ಬಲ್ಲದು. ಆದರೆ ಅಕ್ಟೋಬರಿನ ಮೊದಲ ವಾರ ಕಣ್ಣಿನ ಡಾಕ್ಟರು ಅವನ ಮುಂದೆ ಅಕ್ಷರದ ಹಲಗೆ ಹಿಡಿದರು. ಮೂರನೇ ಸಾಲಿನ ಹೊತ್ತಿಗೆ ಅವನು ಊಹೆಯಿಂದ ಓದತೊಡಗಿದ್ದು ಗೊತ್ತಾಗಿ, ಲೈಸೆನ್ಸ್ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಲಿಲ್ಲ. ಇದ್ದ ಲೈಸೆನ್ಸ್ ನವೆಂಬರಿನಲ್ಲಿ ಮುಗಿಯುತ್ತಿತ್ತು.

ಇನ್ನು ಉಳಿದ ದಾರಿ ಒಂದೇ. ಪಟ್ಟಣದಲ್ಲಿ ನಾದಿನಿ ಪೆನಾಳ ಮನೆ, ಆರನೇ ಅಂತಸ್ತು, ಅವಳ ನಾಯಿ ಮಲಗುವ ಸೋಫಾ, ಚಳಿಗಾಲ ಮುಗಿಯುವವರೆಗೆ. ದೊನ್ಕಾ ಹುಟ್ಟಿದ್ದು ಈ ಮನೆಯ ಕೆಳಗಿನ ಕೋಣೆಯಲ್ಲಿ. ಇರುವ ನಾಲ್ಕು ದಿನ ಇಲ್ಲೇ ಇರಬೇಕು ಎನ್ನುವುದು ಬಿಟ್ಟರೆ ಅವಳಿಗೆ ಇನ್ನಾವ ಆಸೆಯೂ ಉಳಿದಿರಲಿಲ್ಲ. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡು ಅಳುವವಳಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಪೆನಾ ಮನೆ ಮಾತು ಬಿಡಿ ಅತ್ತೆ. ಕಾರು ತರ್ತೀನಿ, ನಾನೇ ಕರ್ಕೊಂಡು ಹೋಗ್ತೀನಿ. ಸಂಜೆ ಪಾಳಿಗೆ ಬರೆಸ್ಕೊಂಡಿದೀನಿ" ಅಂದ ಕಾಮೆನ್.

ಆಮೇಲೆ ಎರಡು ತಿಂಗಳು ಮನೆಯಲ್ಲಿ ಕಾರಿನ ಪುರಾಣವೇ. ಊಟದ ಮೇಜಿನ ಮೇಲೆ ಹುರುಳಿಕಾಯಿಯ ಬಟ್ಟಲಿಗಿಂತ ಕಾರಿನ ಚಿತ್ರಗಳೇ ಹೆಚ್ಚು. ಅವುಗಳ ಕೆಳಗಿನ ಬರಹವನ್ನು ಕಾಮೆನ್, ಪಾದ್ರಿ ಸುವಾರ್ತೆ ಓದಿದಂತೆ, ಬೆರಳಿಟ್ಟು ಓದುತ್ತಿದ್ದ.

"ಮೂರು ಥರ ಬರುತ್ತೆ ಅತ್ತೆ. ಒಂದರಲ್ಲಿ ಮುಂದಿನ ಚಕ್ರ ಮಾತ್ರ ಎಳೆಯುತ್ತೆ. ಅದು ಬಯಲಿನವರಿಗೆ ಸರಿ. ಇನ್ನೊಂದನ್ನ ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡ್ಬೇಕು. ನಮ್ಮೂರಲ್ಲಿ ಯಾರಾದ್ರೂ ಜೋರಾಗಿ ಸೀನಿದ್ರೆ ಕರೆಂಟ್ ಹೋಗುತ್ತೆ, ಅದೂ ಬೇಡ. ಮೂರನೇದು ನಮಗೆ. ಮುಂದೆ ಪೆಟ್ರೋಲ್ ಇಂಜಿನ್, ಅದರ ಜೊತೆಗೊಂದು ಮೋಟರು. ಹಿಂದಿನ ಚಕ್ರಕ್ಕೆ ಅದರದ್ದೇ ಬೇರೆ ಮೋಟರು. ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಬ್ಯಾಟರಿ ತಾನೇ ತುಂಬ್ಕೊಳ್ಳುತ್ತೆ."

"ದೊನ್ಕಾ, ಅವನಿಗೆ ಹೇಳು, ಕಾಗದ ಬೆಟ್ಟ ಹತ್ತಲ್ಲ ಅಂತ."

"ಏಳು ಸೀಟು ಅತ್ತೆ. ಮಧ್ಯದ ಸಾಲನ್ನ ಹಿಂದಕ್ಕೆ ಜಾರಿಸಿದ್ರೆ ನೀವು ಕಾಲು ನೀಟಾಗಿ ಚಾಚ್ಕೋಬಹುದು. ಆ ಸಾಲಿನ ಸೀಟೂ ಬಿಸಿಯಾಗೋ ಥರದ್ದೇ ಹುಡುಕ್ತಿದೀನಿ. ಎಲ್ಲದರಲ್ಲೂ ಇರಲ್ಲ, ಮೇಲಿನ ದರ್ಜೆಯದ್ರಲ್ಲಿ ಮಾತ್ರ."

"ಅವನಿಗೆ ಹೇಳು, ನಾನು ಇವಳಿಗೆ ಎರಡು ಕಂಬಳಿ ಹೊದಿಸ್ತೀನಿ ಅಂತ."

ದೊನ್ಕಾ ಇಬ್ಬರ ತಟ್ಟೆಗೂ ಹುರುಳಿಕಾಯಿ ಬಡಿಸಿದಳು. ಮಧ್ಯದ ಸಾಲಿನ ಬಿಸಿ ಸೀಟಿಗಾಗಿ ಕಾಮೆನ್ ಮೂರು ಕಾರು ಬೇಡವೆಂದು ವಾಪಸ್ ಬಂದದ್ದು ಅವಳಿಗೆ ಗೊತ್ತಿತ್ತು. ಹಾಗೆಂದು ಅವನ ಬಾಯಿ ಅವಳಿಗೆ ಹಿಡಿಸುತ್ತಿತ್ತೆಂದಲ್ಲ. ಒಳ್ಳೆಯದು ಮಾಡುವಾಗಲೂ ಮಾವನ ಹೊಟ್ಟೆ ಉರಿಸದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ನವೆಂಬರಿನ ಕೊನೆಯ ವಾರ ಕಾರು ಬಂತು. ಜರ್ಮನಿಯಲ್ಲಿ ನಾಲ್ಕು ವರ್ಷ ಓಡಿದ್ದು, ಬೂದು ಬಣ್ಣ, ಅಂಗಳದಲ್ಲಿ ನಿಂತರೆ ಹಸುವಿನ ಕೊಟ್ಟಿಗೆಯಷ್ಟು ದೊಡ್ಡದು. ಹೊಸದೇನೇ ಮನೆಗೆ ಬಂದರೂ ಅದನ್ನು ಹಣ್ಣಿನಿಂದ ಇಳಿಸಿದ ರಾಕಿಯಾ ಸಾರಾಯಿಯಲ್ಲಿ ತೋಯಿಸಲೇಬೇಕು. ಭಾನುವಾರ ಮಧ್ಯಾಹ್ನ ಕೇರಿಯವರೆಲ್ಲ ಬಂದರು. ದೊನ್ಕಾ ಎರಡು ಬಾಣಲೆ ಪತಾತ್ನಿಕ್ ಮಾಡಿದ್ದಳು, ಆಲೂಗಡ್ಡೆ ತುರಿದು ಪುದೀನ ಹಾಕಿ ಎರಡೂ ಬದಿ ಕೆಂಪಗಾಗುವಂತೆ ಬೇಯಿಸಿದ್ದು. ಕಾಮೆನ್ ಅಂಗಳದ ಒಲೆಯ ಪಕ್ಕ ನಿಂತು ಮಾಂಸ ಸುಡುತ್ತಿದ್ದ. ಬಂದವರೆಲ್ಲ ಚಕ್ರಕ್ಕೆ ನಾಲ್ಕು ಹನಿ ಚೆಲ್ಲಿ, ಉಳಿದದ್ದನ್ನು ಗಂಟಲಿಗೆ ಸುರಿದುಕೊಂಡು, "ಆರೋಗ್ಯವಾಗಿ ಓಡಿಸಪ್ಪಾ" ಎಂದು ಹರಸಿದರು. ಜಹಾರಿ ಮಾತ್ರ ತನ್ನ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹರಸಲೂ ಇಲ್ಲ, ಕುಡಿಯಲೂ ಇಲ್ಲ.

ಪಕ್ಕದ ಮನೆಯ ರಾಂಗೆಲ್ ಮಧ್ಯದ ಸಾಲಿನಲ್ಲಿ ಕೂತು ಬಿಸಿ ಸೀಟಿನ ಗುಂಡಿ ಒತ್ತಿಸಿಕೊಂಡ.

"ಅಯ್ಯಯ್ಯೋ, ನನ್ನ ಹಿಂಭಾಗ ಬೇಯ್ತಾ ಇದೆ! ಕಾಮೆನ್, ಇನ್ನೊಂದು ಹತ್ತು ನಿಮಿಷ ಬಿಟ್ರೆ ಇಲ್ಲೂ ಒಂದು ಪತಾತ್ನಿಕ್ ರೆಡಿ!"

"ಇಳಿಯೋ ಸಾಕು, ನಾನು ಕೂತ್ಕೋಬೇಕು" ಎಂದು ಅವನ ಹೆಂಡತಿ ಎಳೆದಳು. ಹೀಗೆ ಒಬ್ಬರಾದ ಮೇಲೊಬ್ಬರು ಕೂತು ಎದ್ದರು. ಬಿಸಿಯಾಗುವ ನಾಲ್ಕು ಸೀಟೂ ಬಿಸಿ, ಹೀಟರೂ ಉರಿಯುತ್ತಿದೆ, ಆದರೆ ಕಾರು ಒಂದಿಷ್ಟೂ ಸದ್ದಿಲ್ಲದೆ ನಿಂತಿದೆ. ಗಾಡಿ ಆಫ್ ಆಗಿದೆ ಎಂದೇ ಎಲ್ಲರೂ ತಿಳಿದರು.

ಜಹಾರಿಯೂ ಹಾಗೇ ತಿಳಿದ. ಮೂವತ್ತೊಂದು ವರ್ಷ ಕಿವಿಯಿಂದ ದುಡಿದವನು, ಸದ್ದಿಲ್ಲದ ಗಾಡಿ ಅವನ ಪಾಲಿಗೆ ನಿಂತ ಗಾಡಿ. ಕುರ್ಚಿಯಿಂದ ಎದ್ದ. ಶೆಡ್ಡಿನಿಂದ ಒಂದು ರಟ್ಟಿನ ತುಂಡು, ಟಾರ್ಚು, ಸ್ಪ್ಯಾನರು ತಂದ. ರಟ್ಟನ್ನು ನೆಲಕ್ಕೆ ಹಾಸಿ ಒಣಮೀನಿನಂಥ ಮೈಯನ್ನು ಕಾರಿನ ಅಡಿಗೆ ನೂಕಿಕೊಂಡ. ಎರಡು ಬೂಟು ಮಾತ್ರ ಹೊರಗಿದ್ದವು.

ಸ್ವಲ್ಪ ಹೊತ್ತಿಗೆ ಅಡಿಯಿಂದ ನಗು ಕೇಳಿತು. ಮೊದಲು ಸಣ್ಣಗೆ, ಆಮೇಲೆ ಇಡೀ ಅಂಗಳಕ್ಕೆ ಕೇಳುವಂತೆ.

"ಕಾರ್ಡಾನ್ ಇಲ್ಲ!" ಎಂದು ಕೂಗಿದ. "ರಾಂಗೆಲ್, ಬಗ್ಗಿ ನೋಡೋ! ಕಾರ್ಡಾನೇ ಇಲ್ಲ!"

ಗಂಡಸರೆಲ್ಲ ಗ್ಲಾಸು ಹಿಡಿದೇ ಬಗ್ಗಿದರು. ಮುಂದಿನ ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಕಬ್ಬಿಣದ ದಂಡಕ್ಕೆ ಕಾರ್ಡಾನ್ ಎನ್ನುವುದು ಆ ಊರಿನಲ್ಲಿ ಮಕ್ಕಳಿಗೂ ಗೊತ್ತು. ನಾಲ್ಕು ಚಕ್ರ ಎಳೆಯುವ ಗಾಡಿಗೆ ಅದು ಬೆನ್ನುಮೂಳೆ ಇದ್ದ ಹಾಗೆ. ಇಲ್ಲಿ ಹೊಟ್ಟೆಯಡಿ ಚಪ್ಪಟೆ ಪ್ಲಾಸ್ಟಿಕ್ ಹಾಸು, ಅಷ್ಟೇ. ಜಹಾರಿ ಸ್ಪ್ಯಾನರಿನಿಂದ ಅದನ್ನು ಟಕ ಟಕ ಬಡಿದು ತೋರಿಸುತ್ತಿದ್ದ.

"ಕಾಗದ ಓದಿ ಓದಿ ಎರಡು ತಿಂಗಳು ನಮ್ಮ ತಲೆ ತಿಂದ! ನಾಲ್ಕು ಚಕ್ರ ಅಂತೆ! ಟೋಪಿ ಹಾಕಿ ಕಳಿಸಿದಾರೆ ನಮ್ಮ ತೂರಿಕೊಂಡ ಅಳಿಯನಿಗೆ!"

ಕಾಮೆನ್ ಇಕ್ಕಳ ಹಿಡಿದು ಹಾಗೇ ನಿಂತ. ಕಾರಿನ ಅಡಿ ಅವನು ಇಣುಕಿಯೂ ನೋಡಿರಲಿಲ್ಲ. ಅವನ ಮುಖದಲ್ಲಿ ಒಂದು ಕ್ಷಣ ಅನುಮಾನ ಹಾದು ಹೋದದ್ದನ್ನು ದೊನ್ಕಾ ಕಂಡಳು. ಅದನ್ನು ಬೇರೆಯವರೂ ಕಂಡರಲ್ಲ ಎಂದು ಅವಳಿಗೆ ಸಂಕಟವಾಯಿತು.

ಅಷ್ಟರಲ್ಲಿ ಕಾರು ಗುರ್ರೆಂದಿತು.

ಯಾರೂ ಒಳಗಿರಲಿಲ್ಲ. ಯಾರೂ ಏನೂ ಮುಟ್ಟಿರಲಿಲ್ಲ. ಇಷ್ಟು ಹೊತ್ತು ಸೀಟು ಬಿಸಿ ಮಾಡಿ ಮಾಡಿ ಬ್ಯಾಟರಿ ಇಳಿದಿತ್ತು, ಅದನ್ನು ತುಂಬಲು ಇಂಜಿನ್ ತಾನಾಗಿ ಎದ್ದಿತ್ತು. ಅಡಿಯಲ್ಲಿ ಠಣ್ ಎಂದು ತಲೆ ಬಡಿದ ಸದ್ದು, ಒಂದು ಕೆಟ್ಟ ಬೈಗುಳ, ಎರಡು ಬೂಟುಗಳ ಒದ್ದಾಟ. ರಾಂಗೆಲ್ ಕಾಲು ಹಿಡಿದು ಹೊರಗೆಳೆದ. ಜಹಾರಿಯ ಹುಬ್ಬಿನ ಮೇಲೆ ರಕ್ತ ಇಳಿಯುತ್ತಿತ್ತು.

"ಕೊಲ್ಲೋಕೆ ನೋಡ್ದ!" ಎಂದು ಬೆರಳು ಚಾಚಿದ. "ಎಲ್ರೂ ನೋಡಿದ್ರಲ್ಲ? ಬೀಗದ ಕೈ ಅವನ ಜೇಬಲ್ಲಿದೆ! ಅಲ್ಲಿಂದಲೇ ಒತ್ತಿದ!"

"ಅದು ತಾನಾಗೇ ಸ್ಟಾರ್ಟ್ ಆಗುತ್ತೆ" ಅಂದ ಕಾಮೆನ್.

"ತಾನಾಗೇ! ಮೂವತ್ತೊಂದು ವರ್ಷದಲ್ಲಿ ತಾನಾಗೇ ಸ್ಟಾರ್ಟ್ ಆದ ಇಂಜಿನ್ ನಾನು ನೋಡಿಲ್ಲ. ಕೇಳಿಸ್ಕೊಂಡ್ರಾ, ತಾನಾಗೇ ಅಂತೆ!"

"ಅತ್ತೆ, ಮೇಸ್ತ್ರಿಗಳಿಗೆ ಹೇಳಿ. ಕೊಲ್ಲೋ ಮನಸ್ಸಿದ್ದಿದ್ರೆ ಹದಿನಾಲ್ಕು ವರ್ಷ ಕಾಯ್ತಾ ಕೂತಿರ್ತಿರ್ಲಿಲ್ಲ ಅಂತ."

ಯಾರೋ ನಕ್ಕರು, ನಕ್ಕದ್ದು ತಪ್ಪೆನ್ನಿಸಿ ಕೆಮ್ಮಿದರು. ಜಹಾರಿ ರಕ್ತ ಒರೆಸಿಕೊಳ್ಳದೆ, ಊರೆಲ್ಲ ಕೇಳುವಂತೆ ಹೇಳಿದ: "ನನ್ನ ಹೆಂಡತಿ ಆ ಶವಪೆಟ್ಟಿಗೇಲಿ ಕೂರಲ್ಲ. ನಾಳೆ ನಾನು ಕರ್ಕೊಂಡು ಹೋಗ್ತೀನಿ."

"ಕಣ್ಣು ಕಾಣದೆ?" ಅಂದ ಕಾಮೆನ್. "ಲೈಸೆನ್ಸ್ ಇಲ್ಲದೆ?"

"ದೊನ್ಕಾ, ಅವನಿಗೆ ಹೇಳು, ಆ ರಸ್ತೆ ನನ್ನ ಕಾಲಿಗೆ ಗೊತ್ತು ಅಂತ!"

ಕೂರುವವಳು ದೊನ್ಕಾ. ಅವಳನ್ನು ಒಬ್ಬರೂ ಕೇಳಲಿಲ್ಲ. ಅವಳು ಹತ್ತಿ, ಔಷಧಿ ತಂದು ಗಂಡನ ಹುಬ್ಬಿಗೆ ಒತ್ತಿದಳು, ಬೇಕಂತಲೇ ಸ್ವಲ್ಪ ಜೋರಾಗಿ. ಬಂದವರು ತಟ್ಟೆ ಬಿಟ್ಟು ಒಬ್ಬೊಬ್ಬರಾಗಿ ಜಾರಿಕೊಂಡರು. ಸಂಜೆ ಬೆಳಕು ಇಳಿಯುವ ಮುಂಚೆ ಅವಳು ಕಿಟಕಿಯಿಂದ ನೋಡಿದಾಗ ಅದೇ ರಟ್ಟಿನ ಮೇಲೆ ಈಗ ಕಾಮೆನ್ ಮಲಗಿ ಕಾರಿನ ಹಿಂಭಾಗದಡಿ ಟಾರ್ಚು ಬಿಡುತ್ತಿದ್ದ. ಎದ್ದು ಬರುವಾಗ ಮುಖದಲ್ಲಿ ಅನುಮಾನ ಇರಲಿಲ್ಲ.

"ಏನು ಕಂಡೆ?" ಎಂದು ಕೇಳಿದಳು.

"ಹಿಂದಿನ ಮೋಟರು ಇದೆ ಅತ್ತೆ. ಅದಕ್ಕೆ ಹೋಗೋ ಕಿತ್ತಳೆ ಬಣ್ಣದ ತಂತಿನೂ ಇದೆ. ಕಬ್ಬಿಣದ ದಂಡದ ಬದಲು ತಂತಿ."

"ಹೋಗಿ ಹೇಳು ಅವನಿಗೆ."

"ನಾನ್ಯಾಕೆ ಹೇಳ್ಲಿ? ಅವರು ಬಂದು ಕೇಳ್ಲಿ" ಎಂದು ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡ. ಇವನೂ ಕಮ್ಮಿಯವನಲ್ಲ ಎಂದು ದೊನ್ಕಾ ಹಲ್ಲು ಕಡಿದಳು.

ಬೆಳಗಾಗುವಷ್ಟರಲ್ಲಿ ಹಿಮ ಬಿದ್ದಿತ್ತು, ಮೊಣಕಾಲಿಗೆ ಒಂದು ಗೇಣು ಕಮ್ಮಿ. ಸೋಮವಾರ. ಶುಕ್ರವಾರದ ನಂತರ ಮೂರು ದಿನ ಕಳೆದಿದ್ದರಿಂದ ದೊನ್ಕಾಳ ಕಾಲು ಬಾತು ಬೂಟಿಗೆ ಹಿಡಿಸುತ್ತಿರಲಿಲ್ಲ, ನಾಲ್ಕು ಹೆಜ್ಜೆಗೆ ಏದುಸಿರು. ಹೋದ ವರ್ಷ ಒಂದೇ ಒಂದು ಸೋಮವಾರ ತಪ್ಪಿದ್ದಕ್ಕೆ ಶ್ವಾಸಕೋಶಕ್ಕೆ ನೀರು ಹೋಗಿ ಐದು ದಿನ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಳು. ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಅವಳ ಹಾಸಿಗೆ ಖಾಲಿಯಿದ್ದರೆ ಅದು ಬೇರೆಯವರಿಗೆ.

ಎಂಟೂವರೆಗೆ ಚೀಲ ಹಿಡಿದು ಅಂಗಳಕ್ಕೆ ಬಂದರೆ, ಜೀಪು ಗೇಟಿಗೆ ಅಡ್ಡ ನಿಂತಿದೆ. ಹೊಗೆ ಉಗುಳುತ್ತಿದೆ. ಜಹಾರಿ ಹುಬ್ಬಿಗೆ ಪಟ್ಟಿ ಹಾಕಿಕೊಂಡು ಸ್ಟೀರಿಂಗ್ ಹಿಂದೆ ಕೂತಿದ್ದಾನೆ. ಅದರ ಹಿಂದೆ ಕಾರು. ಕಾಮೆನ್ ಒಳಗೆ ಕೂತು ಹಾರ್ನ್ ಒತ್ತುತ್ತಿದ್ದಾನೆ.

"ದೊನ್ಕಾ, ಹತ್ತು!"

"ಅತ್ತೆ, ಹತ್ತಬೇಡಿ! ಆ ತಿರುವಲ್ಲಿ ನಿಮ್ಮಿಬ್ಬರನ್ನೂ ಕಣಿವೆಗೆ ಹಾಕ್ತಾರೆ!"

"ಅವನಿಗೆ ಹೇಳು, ಮುಂದಿನ ಎರಡು ಚಕ್ರದಲ್ಲಿ ಆ ಏರು ಹತ್ತೋಕಾಗಲ್ಲ ಅಂತ!"

"ಅವರಿಗೆ ಹೇಳಿ, ಹಿಂದೆ ಮೋಟರಿದೆ ಅಂತ!"

"ಕಾರ್ಡಾನ್ ಇಲ್ಲದೆ ಹಿಂದಿನ ಚಕ್ರ ತಿರುಗುತ್ತಾ? ದೆವ್ವ ತಿರುಗಿಸುತ್ತಾ?"

"ಜೀಪು ತೆಗಿ ಜಹಾರಿ" ಎಂದಳು ದೊನ್ಕಾ. "ಹೊತ್ತಾಗ್ತಿದೆ. ನಾನು ಅದರಲ್ಲಿ ಹೋಗ್ತೀನಿ."

"ತೆಗೆಯಲ್ಲ."

"ನನಗೆ ಉಸಿರಾಡೋಕೆ ಆಗ್ತಿಲ್ಲ. ತೆಗಿ."

"ತೆಗೆಯಲ್ಲ ಅಂದ್ರೆ ತೆಗೆಯಲ್ಲ. ಈ ಮನೆ ಗೇಟು ದಾಟಿ ಯಾವ ಗಾಡಿ ಹೋಗ್ಬೇಕು ಅಂತ ನಾನು ಹೇಳ್ತೀನಿ. ತೂರಿಕೊಂಡು ಬಂದವನು ಹೇಳೋದಲ್ಲ!"

ದೊನ್ಕಾಳ ಕೋಪ ನೆತ್ತಿಗೇರಿತು. ಅವಳು ಚೀಲವನ್ನು ಹಿಮದ ಮೇಲೆ ಹಾಕಿ ಜೀಪಿನ ಕಿಟಕಿಯವರೆಗೆ ನಡೆದಳು. ಪಕ್ಕದ ಅಂಗಳದಲ್ಲಿ ರಾಂಗೆಲ್ ಸಲಿಕೆ ಹಿಡಿದು ನಿಂತಿದ್ದ. ನಿಂತಿರಲಿ ಎಂದುಕೊಂಡಳು.

"ಯಾವ ಮನೆ?" ಎಂದಳು. "ಯಾರ ಗೇಟು? ಈ ಗೇಟು ಹಾಕಿಸಿದ್ದು ನಮ್ಮಪ್ಪ. ಈ ಮನೆ ಕಟ್ಟಿದ್ದು ನಮ್ಮಪ್ಪ. ನಲವತ್ತೊಂದು ವರ್ಷದ ಹಿಂದೆ ಒಂದು ಟ್ರಂಕು, ಒಂದು ಸ್ಪ್ಯಾನರ್ ಚೀಲ ತಗೊಂಡು ಇದೇ ಗೇಟಲ್ಲಿ ಒಳಗೆ ಬಂದವನು ಯಾರು? ಈ ಮನೆಗೆ ಮೊದಲು ತೂರಿಕೊಂಡ ಅಳಿಯ ನೀನು ಜಹಾರಿ. ಇವನು ಎರಡನೆಯವನು."

ಹಾರ್ನ್ ನಿಂತಿತು. ರಾಂಗೆಲ್ ಸಲಿಕೆಯನ್ನು ನೋಡಿಕೊಂಡ.

ಜಹಾರಿಯ ಮುಖ ಬಿಳಚಿಕೊಂಡಿತು, ಪಟ್ಟಿಯೂ ಮುಖವೂ ಒಂದೇ ಬಣ್ಣ. ಗೇರು ಹಾಕಿ ಜೀಪನ್ನು ಗೇಟಿನಿಂದ ಹೊರಗೆ ತೆಗೆದು ರಸ್ತೆಯ ಬದಿಗೆ ನಿಲ್ಲಿಸಿದ. ಕಾರು ಅವನನ್ನು ದಾಟಿ ಹೋಗುವಾಗ ತಲೆ ಎತ್ತಿ ನೋಡಲಿಲ್ಲ.

ಸೀಟು ಬಿಸಿಯಾಗಿತ್ತು. ಮಧ್ಯದ ಸಾಲನ್ನು ಕಾಮೆನ್ ಮೊದಲೇ ಹಿಂದಕ್ಕೆ ಜಾರಿಸಿಟ್ಟಿದ್ದ, ಬಾತ ಕಾಲು ಚಾಚಲು ಸಾಕಷ್ಟು ಜಾಗ. ಏರಿನ ತಿರುವಿನಲ್ಲಿ ಮುಂದಿನ ಚಕ್ರ ಒಮ್ಮೆ ಸರ್ರನೆ ಜಾರಿತು. ದೊನ್ಕಾ ಬಾಗಿಲ ಹಿಡಿ ಹಿಡಿದುಕೊಂಡಳು. ಆಗ ಹಿಂದಿನಿಂದ ಯಾರೋ ಸೊಂಟಕ್ಕೆ ಕೈಕೊಟ್ಟು ನೂಕಿದಂತಾಯಿತು, ಸದ್ದಿಲ್ಲದೆ, ಕಾರು ಮೇಲಕ್ಕೆ ಹತ್ತಿತು. ಮುಂದಿನ ಪರದೆಯ ಮೇಲೆ ಪುಟ್ಟ ಕಾರಿನ ಚಿತ್ರವಿತ್ತು, ಅದರ ಹಿಂದಿನ ಚಕ್ರಗಳಿಗೆ ಬೆಳಕಿನ ಗೆರೆ ಓಡುತ್ತಿತ್ತು. ಕಾಮೆನ್ ಹೆಮ್ಮೆಯಿಂದ ಏನಾದರೂ ಕೊಚ್ಚಿಕೊಳ್ಳುತ್ತಾನೆಂದು ಅವಳು ಕಾದಳು. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಓಡಿಸುತ್ತಿದ್ದ.

"ನಿನಗೆ ಖುಷಿಯಾಗಿರ್ಬೇಕು" ಎಂದಳು ಕೊನೆಗೆ.

"ಇಲ್ಲ ಅತ್ತೆ. ಆ ಮಾತು ಅವರಿಗೆ ಅನ್ನಬಾರದಿತ್ತು."

"ಅವನು ನಿನಗೆ ಹದಿನಾಲ್ಕು ವರ್ಷ ಅಂದಿದಾನೆ."

"ಅದಕ್ಕೇ ಹೇಳ್ತಿದೀನಿ. ಅದು ಎಲ್ಲಿ ಚುಚ್ಚುತ್ತೆ ಅಂತ ನನಗೆ ಗೊತ್ತು. ನಿಮಗೆ ಗೊತ್ತಿಲ್ಲ."

ಯಂತ್ರಕ್ಕೆ ಕೈಕೊಟ್ಟು ಮಲಗಿದ ನಾಲ್ಕು ಗಂಟೆಯೂ ದೊನ್ಕಾಳಿಗೆ ಅಪ್ಪನದೇ ನೆನಪು. ಅಪ್ಪ ಮುಂಗೋಪಿ, ನಾಲಿಗೆ ಹರಿತ. ಆದರೂ ಜಹಾರಿಯನ್ನು ಒಂದು ದಿನವೂ ಆ ಮಾತಿನಿಂದ ಕರೆಯಲಿಲ್ಲ, ಸಾಯುವಾಗ ಕೂಡ "ನನ್ನ ಮಗ ಎಲ್ಲಿ" ಎಂದೇ ಕೇಳಿದ್ದ. ಅಪ್ಪ ಆಡದ್ದನ್ನು ತಾನು ಆಡಿದೆ, ಅದೂ ರಾಂಗೆಲ್ ಎದುರಿಗೆ. ಅವಳಿಗೆ ನಾಚಿಕೆಯಾಯಿತು. ಇನ್ನೊಂದು ಸಲ ಗೇಟಿಗೆ ಅಡ್ಡ ನಿಂತರೆ ಮತ್ತೆ ಅಂದೇಬಿಡುತ್ತೇನೆ ಎಂದೂ ಅನ್ನಿಸಿತು. ಎರಡೂ ನಿಜ.

ಮೂರು ಗಂಟೆಗೆ ಅವರು ವಾಪಸ್ ಬಂದಾಗ ಜೀಪು ರಸ್ತೆಯ ಬದಿಯಲ್ಲೇ ಇತ್ತು. ಬೆಳಗಿನ ಹೊಗೆಯಿಂದ ಹಿಂದಿನ ಹಿಮ ಕಪ್ಪಾಗಿತ್ತು. ಜಹಾರಿ ಒಳಗೆ ಕೂತಿದ್ದ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು. ಪಕ್ಕದ ಸೀಟಿನಲ್ಲಿ ಅವನ ಟ್ರಂಕು, ಅದರ ಮೇಲೆ ಸ್ಪ್ಯಾನರ್ ಚೀಲ. ಗೇಟು ಮುಚ್ಚಿತ್ತು. ಬೆಳಿಗ್ಗೆ ಒಮ್ಮೆ ಅದನ್ನು ತೆಗೆದು ಒಳಗೆ ಹೋಗಿ ಇಷ್ಟನ್ನು ತಂದವನು, ಆಮೇಲೆ ಮತ್ತೆ ಹೊಸ್ತಿಲು ಮೆಟ್ಟಿರಲಿಲ್ಲ.

ದೊನ್ಕಾ ಕಾರಿನಿಂದ ಇಳಿದಳು. ಚಳಿಗೆ ಗದಗದ ನಡುಗುತ್ತಿದ್ದಳು. ಕ್ಷಮಿಸು ಎನ್ನುವ ಮಾತು ಅವಳ ಬಾಯಲ್ಲಿ ಯಾವತ್ತೂ ಹುಟ್ಟಿದ್ದಲ್ಲ, ಇವತ್ತೂ ಹುಟ್ಟಲಿಲ್ಲ. ಗೇಟಿನ ಒಂದು ಬಾಗಿಲು ತೆಗೆದರೆ ಮನುಷ್ಯರು ಹೋಗಬಹುದು, ಎರಡೂ ತೆಗೆದರೆ ಗಾಡಿ. ಪಟ್ಟಿ ಸುತ್ತಿದ ಎಡಗೈಯನ್ನು ಎದೆಗಾನಿಸಿಕೊಂಡು ಬಲಗೈಯಿಂದ ಮೊದಲನೆಯದನ್ನು ನೂಕಿದಳು, ಆಮೇಲೆ ಹಿಮ ಕೆರೆಯುತ್ತ ಎರಡನೆಯದನ್ನು. ಕಾಮೆನ್ ಸಹಾಯಕ್ಕೆ ಬಂದರೆ ಬೇಡವೆಂದು ಗದರಿದಳು. ಎರಡೂ ಬಾಗಿಲು ಗೋಡೆಗೆ ತಾಗುವವರೆಗೆ ತೆಗೆದು, ಪಕ್ಕಕ್ಕೆ ನಿಂತಳು.

"ಕೂತ್ಕೊಂಡೇ ಇರ್ತೀಯಾ? ನಾನು ಇಲ್ಲೇ ನಿಂತು ಹೆಪ್ಪುಗಟ್ಟಲಾ?" ಎಂದಳು.

ಜಹಾರಿ ಕಿಟಕಿಯ ಗಾಜು ಇಳಿಸಿದ. ಅವಳನ್ನು ನೋಡಲಿಲ್ಲ. ಹಿಂದೆ ನಿಂತ ಕಾಮೆನ್‌ನ ಕಡೆ ತಿರುಗಿ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವನನ್ನೇ ಕೇಳಿದ.

"ಹಿಂದಿನ ಚಕ್ರ ತಿರುಗ್ತಾ?"

"ತಿರುಗ್ತು."

"ಸುಳ್ಳು."

"ಬುಧವಾರ ಬಂದು ನೋಡಿ."

"ಬರ್ತೀನಿ. ಕೊನೇ ಸಾಲಲ್ಲಿ ಕೂರ್ತೀನಿ, ಆ ನಿನ್ನ ಮೋಟರಿನ ಮೇಲೆ. ಕಾರ್ಡಾನ್ ಇಲ್ಲದೆ ಅದೇನು ಮಾಡುತ್ತೆ ನೋಡೇ ಬಿಡ್ತೀನಿ."

"ಕೊನೇ ಸಾಲು ಮಕ್ಕಳಿಗೆ ಮಾವ. ನಿಮಗೆ ಹಿಡಿಸಲ್ಲ. ಮೊಣಕಾಲು ಗಲ್ಲಕ್ಕೆ ಬರುತ್ತೆ."

ಜಹಾರಿ ಗೇರು ಹಾಕಿದ. ತೆರೆದ ಗೇಟಿನ ಎರಡೂ ಬಾಗಿಲುಗಳನ್ನು, ಅದರ ಪಕ್ಕ ನಡುಗುತ್ತ ನಿಂತ ಹೆಂಡತಿಯನ್ನು ಒಮ್ಮೆ ನೋಡಿದ.

"ಹಿಡಿಸ್ಕೋತೀನಿ ಬಿಡೋ" ಎಂದ. "ತೂರಿಕೊಳ್ಳೋದು ನನಗೆ ಅಭ್ಯಾಸ ಇದೆ."